ಮೂಳೆ ತೆತ್ತ ಬೆಲೆ

ಮೂತ್ರಪಿಂಡ ಸೋಲತೊಡಗಿದ ಮನುಷ್ಯನ ರಕ್ತಪರೀಕ್ಷೆ ಎಷ್ಟೋ ಕಾಲ ನೆಮ್ಮದಿಯ ಮಾತನ್ನೇ ಹೇಳುತ್ತಿರುತ್ತದೆ. ಕ್ಯಾಲ್ಸಿಯಂ ಸರಿಯಾಗಿದೆ, ರಂಜಕವೂ ಮಿತಿಯೊಳಗಿದೆ. ಅದೇ ಹೊತ್ತಿನಲ್ಲಿ ಅವನ ಮೂಳೆ ಒಳಗೊಳಗೇ ಸವೆಯುತ್ತಿರಬಹುದು. ವರದಿ ಸುಳ್ಳಲ್ಲ, ಸವೆತವೂ ಸುಳ್ಳಲ್ಲ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ?

1972ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ನೀಲ್ ಬ್ರಿಕರ್ ಇದಕ್ಕೊಂದು ಉತ್ತರ ಬರೆದರು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ; ರಕ್ತವನ್ನು ಸೋಸುವ ಕೆಲಸ ಅವುಗಳದು. ರೋಗದಲ್ಲಿ ಅವು ಒಂದೊಂದಾಗಿ ಸಾಯುತ್ತ ಹೋದಂತೆ ಉಳಿದವುಗಳ ಮೇಲೆ ಭಾರ ಏರುತ್ತದೆ. ಹಾಲು, ಬೇಳೆ, ಮಾಂಸ ಎಲ್ಲದರಲ್ಲೂ ರಂಜಕವಿದೆ. ಮಿಕ್ಕದ್ದು ಮೂತ್ರದಲ್ಲಿ ಹೊರಹೋಗಲೇಬೇಕು. ಆಗ ಕತ್ತಿನೊಳಗಿನ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹೆಚ್ಚು ಹಾರ್ಮೋನು ಸುರಿಸಿ, ಅಳಿದುಳಿದ ನೆಫ್ರಾನ್‌ಗಳಿಂದಲೇ ಅಷ್ಟೂ ರಂಜಕವನ್ನು ಹೊರಹಾಕಿಸುತ್ತವೆ. ರಕ್ತದ ಲೆಕ್ಕ ಸರಿಹೋಗುತ್ತದೆ. ಆದರೆ ಅದೇ ಹಾರ್ಮೋನು ಮೂಳೆಯನ್ನು ಕರಗಿಸಿ ಅದರ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆದು ತರುತ್ತದೆ. ಒಡವೆಯನ್ನು ಒಂದೊಂದಾಗಿ ಅಡವಿಟ್ಟು ಹಬ್ಬಕ್ಕೆ ಯಾವ ಕೊರತೆಯೂ ಕಾಣದಂತೆ ನೋಡಿಕೊಳ್ಳುವ ಮನೆಯ ಹಾಗೆ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡ 99ರಷ್ಟು ಇರುವುದು ಮೂಳೆಯಲ್ಲೇ ಆದ್ದರಿಂದ ಈ ಸಂಸಾರ ಬಹಳ ದಿನ ನಡೆಯುತ್ತದೆ.

ಬ್ರಿಕರ್ ಇದನ್ನು ಒಂದು ವಿನಿಮಯವೆಂದು ಕಂಡರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ನೋಟವೇ. ಸಮತೋಲವನ್ನು ನಾವು ಆರೋಗ್ಯದ ಗುರುತೆಂದು ನಂಬಿದ್ದೇವೆ, ಅದನ್ನು ಉಳಿಸಿಕೊಂಡವರನ್ನು ಮೆಚ್ಚುತ್ತೇವೆ. ಅದಕ್ಕೆ ಯಾರು ಏನು ತೆತ್ತರು ಎಂದು ಕೇಳುವುದು ಮಾತ್ರ ಅಪರೂಪ. ಇಲ್ಲಿ ಕೆಟ್ಟವರಂತೂ ಯಾರೂ ಇಲ್ಲ. ಗ್ರಂಥಿ ತನ್ನ ಕರ್ತವ್ಯವನ್ನೇ ಮಾಡುತ್ತಿದೆ. ಆ ಕರ್ತವ್ಯದಿಂದಲೇ ಮೂಳೆ ಮುರಿಯುತ್ತದೆ.

ಹಾಗಾದರೆ ದಾರಿ ಯಾವುದು? ಅರ್ಜೆಂಟೀನಾ ಮೂಲದ ಎಡ್ವಾರ್ಡೊ ಸ್ಲಾಟೊಪೋಲ್ಸ್ಕಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಮೂತ್ರಪಿಂಡದ ಶಕ್ತಿಯನ್ನು ಹಂತಹಂತವಾಗಿ ಕುಗ್ಗಿಸಿದಾಗ, ಮೊದಲಿನಷ್ಟೇ ರಂಜಕ ತಿಂದ ನಾಯಿಗಳಲ್ಲಿ ಹಾರ್ಮೋನು ವಿಪರೀತ ಏರಿತು. ಶಕ್ತಿ ಎಷ್ಟು ಕುಗ್ಗಿತೋ ಅದೇ ಪ್ರಮಾಣದಲ್ಲಿ ಆಹಾರದ ರಂಜಕವನ್ನೂ ಕುಗ್ಗಿಸಿದಾಗ ಆ ಏರಿಕೆಯನ್ನು ತಡೆಯಲು ಸಾಧ್ಯವಾಯಿತು. ಆ ಮೂಕಪ್ರಾಣಿಗಳ ನೋವನ್ನು ನೆನೆಯದೆ ಈ ಫಲಿತಾಂಶವನ್ನು ಓದಲು ನನ್ನಿಂದಾಗದು. ಇಂದು ಡಯಾಲಿಸಿಸ್‌ಗೆ ಹೋಗುವವರಿಗೆ ವೈದ್ಯರು ಸಂಸ್ಕರಿಸಿದ ತಿನಿಸು ಬೇಡ, ಹಾಲು ಮಿತವಾಗಿರಲಿ, ಊಟದ ಜೊತೆಯಲ್ಲೇ ರಂಜಕ ಹಿಡಿದಿಡುವ ಮಾತ್ರೆ ನುಂಗಿ ಎನ್ನುವುದರ ಹಿಂದೆ ಆ ನಾಯಿಗಳೂ ಇವೆ.

ಪ್ರಮಾಣಕ್ಕೆ ತಕ್ಕಂತೆ ಭಾರ ಇಳಿಸುವುದು ಕೇಳಲು ಎಷ್ಟು ಸರಳ! ಆದರೆ ಸೋಲುತ್ತಿರುವವರನ್ನು ನಾವು ಸಾಮಾನ್ಯವಾಗಿ ನಡೆಸಿಕೊಳ್ಳುವ ಬಗೆ ಬೇರೆ. ವಯಸ್ಸಾದ ತಾಯಿ ಮೊದಲಿನಂತೆಯೇ ಅಡುಗೆ ಮಾಡಿ ಬಡಿಸುತ್ತಿದ್ದರೆ, ಇನ್ನೂ ಗಟ್ಟಿಯಾಗಿದ್ದಾರೆ ಎಂದು ಸಂತೋಷಪಡುತ್ತೇವೆ. ಬಡಿಸಿದ ಮೇಲೆ ಒಳಗೆ ಹೋಗಿ ಅವರು ಎಷ್ಟು ಹೊತ್ತು ಸೊಂಟ ಹಿಡಿದು ಕೂರುತ್ತಾರೆಂದು ನೋಡುವುದಿಲ್ಲ.

ಮೂಳೆಯನ್ನು ಬರೀ ತೆರುವ ಬಡಪಾಯಿ ಎಂದು ನೋಡಿದರೂ ತಪ್ಪಾದೀತು. ಮೂತ್ರಪಿಂಡ ವಿಟಮಿನ್ ಡಿಯನ್ನು ಅದರ ಸಕ್ರಿಯ ರೂಪಕ್ಕೆ ತಂದುಕೊಡುತ್ತದೆಂದು ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೋಡಿಚೆಕ್ 1970ರಲ್ಲೇ ತೋರಿಸಿದ್ದರು. ಮೂಳೆಗೆ ಆ ನೆರವು ಬೇಕೇ ಬೇಕು. ಮೂಳೆಯಿಂದಲೂ ಮೂತ್ರಪಿಂಡಕ್ಕೆ ಆಜ್ಞೆ ಹೋಗುತ್ತದೆಂಬುದು ತಿಳಿಯಲು ಇನ್ನೂ ಮೂರು ದಶಕ ಬೇಕಾಯಿತು. 2000ದಲ್ಲಿ ಗುರುತಿಸಲಾದ ಎಫ್‌ಜಿಎಫ್-23 ಎಂಬ ಹಾರ್ಮೋನು ಹುಟ್ಟುವುದು ಮುಖ್ಯವಾಗಿ ಮೂಳೆಯ ಜೀವಕೋಶಗಳಲ್ಲಿ. ರಕ್ತದಲ್ಲಿ ರಂಜಕ ಏರುವ ಮೊದಲೇ ಅದು ಏರಿ, ಹೆಚ್ಚಿನದನ್ನು ಹೊರಹಾಕುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಆ ನೆಮ್ಮದಿಯ ವರದಿಯ ಹಿಂದೆ ಬಹುಕಾಲ ದುಡಿಯುವುದು ಇದೂ ಹೌದು. ಇದಕ್ಕೂ ಬೆಲೆಯಿದೆ. ಅತಿಯಾದ ಎಫ್‌ಜಿಎಫ್-23 ಇಲಿಗಳ ಹೃದಯದ ಸ್ನಾಯುವನ್ನು ದಪ್ಪಗಾಗಿಸುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬ್ರಿಕರ್ ಬರೆದಿಟ್ಟ ವಿನಿಮಯದ ಲೆಕ್ಕದಲ್ಲಿ ಈಗ ಮೂಳೆಯ ಪಕ್ಕದಲ್ಲಿ ಹೃದಯದ ಹೆಸರೂ ಸೇರಿದೆ.