ಸಹಪ್ರಯಾಣದ ಧರ್ಮ

ಒಂಟಿಯಾಗಿ ನಡೆಯುವವನು ತನ್ನ ಕಾಲಿಗೆ ತಾನೇ ಒಡೆಯನು. ದಣಿದಲ್ಲಿ ಕುಳ್ಳಿರುವನು, ಮನಸ್ಸು ಬಂದಾಗ ಏಳುವನು, ಬೇಡವೆನಿಸಿದರೆ ಅರ್ಧ ದಾರಿಯಿಂದಲೇ ಹಿಂದಿರುಗುವನು. ಇದರಿಂದ ಯಾರಿಗೂ ಲಾಭವಿಲ್ಲ, ಹಾನಿಯೂ ಇಲ್ಲ. ಆದರೆ ಇಬ್ಬರು ಕೂಡಿ ಊರ ಅಗಸಿಯನ್ನು ದಾಟಿದೊಡನೆ ನಡಿಗೆಯು ಬರಿಯ ನಡಿಗೆಯಾಗಿ ಉಳಿಯುವುದಿಲ್ಲ. ಅದರೊಳಗೆ ಧರ್ಮಾಧರ್ಮಗಳ ವಿಚಾರವು ಬಂದು ಸೇರುತ್ತದೆ. ಮುಂದೆ ಹೋಗುವವನು ಹಿಂದಿನವನಿಗಾಗಿ ನಿಲ್ಲಬೇಕೆ? ನಿಲ್ಲಬೇಕಾದರೆ ಅದು ಅವನ ದಯೆಯೋ, ತೀರಿಸಲೇಬೇಕಾದ ಋಣವೋ? ಪ್ರಶ್ನೆಯು ಸಣ್ಣದಾಗಿ ತೋರಬಹುದು. ಆದರೆ ಸಮಾಜವೆಂಬುದೂ ಒಂದು ಸಹಪ್ರಯಾಣವೇ ಆಗಿರುವುದರಿಂದ, ಇದಕ್ಕೆ ದೊರೆಯುವ ಉತ್ತರವು ದೊಡ್ಡ ಪ್ರಶ್ನೆಗಳಿಗೂ ಅನ್ವಯಿಸದೆ ಇರದು.

ಬೀದರ ಸೀಮೆಯಲ್ಲಿ ಕೂಡಿ ನಡೆಯುವುದಕ್ಕೆ ಚಳಿಗಾಲದಂತಹ ಕಾಲವು ಮತ್ತೊಂದಿಲ್ಲ. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿ, ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ಪಟ್ಟಣವಿದೆ. ಅಲ್ಲಿಂದ ಉತ್ತರಕ್ಕೆ ಇಳಿದರೆ ಕೆಂಪು ನೆಲವು ಮುಗಿದು ಎರೆಯ ಬಯಲು ತೊಡಗುತ್ತದೆ. ಔರಾದದ ದಾರಿಯಲ್ಲಿರುವ ಜನವಾಡವನ್ನು ಹಾಯ್ದು ಮುಂದೆ ಹೋದರೆ ಮಾಂಜರಾ ನದಿಯು ಎದುರಾಗುತ್ತದೆ. ಮಾರ್ಗಶಿರ ಪುಷ್ಯಮಾಸಗಳಲ್ಲಿ ಈ ಬಯಲಿನಲ್ಲಿ ಬಿಳಿಜೋಳವು ತೆನೆಗಟ್ಟುತ್ತಿರುತ್ತದೆ, ಕಡಲೆಯು ಕಾಯಿಬಿಡುತ್ತಿರುತ್ತದೆ, ತೊಗರಿಯ ರಾಶಿಯ ಕೆಲಸವು ನಡೆದಿರುತ್ತದೆ. ಕರ್ನಾಟಕದಲ್ಲಿ ಹೆಚ್ಚು ಚಳಿ ಬೀಳುವ ಪಟ್ಟಣಗಳಲ್ಲಿ ಬೀದರವೂ ಒಂದು. ನಸುಕಿನ ಗಾಳಿಯು ಮೈಯನ್ನು ನಡುಗಿಸಿದರೂ ಏರುಹೊತ್ತಿನ ಬಿಸಿಲು ಹಿತವಾಗಿರುತ್ತದೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ, ಈಗ ಚಾರಣವೆಂದು ಹೆಸರುಗೊಂಡಿರುವ ತಂಡದ ನಡಿಗೆಗೆ ಇದಕ್ಕಿಂತ ಅನುಕೂಲವಾದ ದಿನಗಳಿಲ್ಲ.

ಅಂತಹದೊಂದು ತಂಡವು ರವಿವಾರದ ನಸುಕಿನಲ್ಲಿ ಜನವಾಡದಿಂದ ನದಿಯ ದಂಡೆಗೆ ಹೊರಟಿತೆಂದು ಊಹಿಸಬಹುದು. ಇಪ್ಪತ್ತು ಮಂದಿ: ಕಾಲೇಜಿನ ತರುಣರು, ಇಬ್ಬರು ಮೂವರು ಮಾಸ್ತರರು, ಮಕ್ಕಳೊಂದಿಗೆ ಒಂದೆರಡು ಕುಟುಂಬಗಳು, ನಿವೃತ್ತರಾದ ಒಬ್ಬ ಗುಮಾಸ್ತರು. ಮೊದಲನೆಯ ಮೈಲಿನಲ್ಲಿ ಎಲ್ಲರೂ ಒಂದೇ ಗುಂಪು. ಎರಡನೆಯದರಲ್ಲಿ ಗುಂಪು ಸಾಲಾಗುತ್ತದೆ. ಮೂರನೆಯದರಲ್ಲಿ ಸಾಲು ಹರಿದು ಎರಡಾಗುತ್ತದೆ. ಎರೆಯ ನೆಲವು ಬಿರಿದಲ್ಲಿ ತರುಣನು ಬಿರುಕನ್ನು ಲೆಕ್ಕಿಸದೆ ದಾಟುವನು, ವೃದ್ಧನು ನೋಡಿ ನೋಡಿ ಹೆಜ್ಜೆಯಿಡುವನು. ಮುಂದಿನವರು ಬೇವಿನ ಮರದ ಕೆಳಗೆ ಕುಳಿತು, ನೀರು ಕುಡಿದು, ಬುತ್ತಿಯ ಗಂಟು ಬಿಚ್ಚಿ ಒಂದಿಷ್ಟು ತಿಂದು, ಮಾತಾಡಿ ನಗುತ್ತಿರುವಾಗ ಹಿಂದಿನವರು ಬಂದು ಮುಟ್ಟುತ್ತಾರೆ. “ಬಂದಿರಲ್ಲ, ಇನ್ನು ನಡೆಯೋಣ” ಎಂದು ಮುಂದಿನವರು ಏಳುತ್ತಾರೆ.

ಇಲ್ಲಿ ನಡೆದ ಅನ್ಯಾಯವು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನವರು ತಾವು ಕಾದೆವೆಂದೇ ತಿಳಿದಿರುತ್ತಾರೆ. ಕಾದದ್ದು ಸುಳ್ಳೂ ಅಲ್ಲ. ಆದರೆ ವಿಶ್ರಾಂತಿಯು ಯಾರಿಗೆ ಅಷ್ಟಾಗಿ ಬೇಕಿರಲಿಲ್ಲವೋ ಅವರಿಗೆ ದೊರೆಯಿತು. ಯಾರಿಗೆ ಬೇಕಾಗಿತ್ತೋ ಅವರಿಗೆ ದೊರೆಯಲಿಲ್ಲ. ಮುಂದಿನ ಮರದ ಕೆಳಗೂ ಹೀಗೆಯೇ, ಅದರ ಮುಂದಿನದರಲ್ಲಿಯೂ ಹೀಗೆಯೇ. ಮಧ್ಯಾಹ್ನದ ಹೊತ್ತಿಗೆ ತರುಣರು ಐದು ಸಲ ಕುಳಿತಿರುತ್ತಾರೆ, ಗುಮಾಸ್ತರು ಒಂದು ಸಲವೂ ಕುಳಿತಿರುವುದಿಲ್ಲ. ಆಗ ಅವರ ಕಾಲು ಸೋತರೆ “ಪಾಪ, ವಯಸ್ಸಾಯಿತು” ಎಂದು ಎಲ್ಲರೂ ಮರುಗುತ್ತಾರೆ. ಆ ಸೋಲಿನಲ್ಲಿ ವಯಸ್ಸಿನ ಪಾಲೆಷ್ಟು, ತಂಡದ ಪಾಲೆಷ್ಟು ಎಂದು ವಿಂಗಡಿಸಿ ನೋಡುವವರಿಲ್ಲ.

ಈ ತಪ್ಪು ಹಾದಿಯಲ್ಲಿ ಹುಟ್ಟಿದುದಲ್ಲ; ಹೊರಡುವ ಮೊದಲೇ, ಹೊತ್ತನ್ನು ಗೊತ್ತುಮಾಡುವಾಗಲೇ ಹುಟ್ಟಿದುದು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಮ್ ನೇಸ್ಮಿತ್ ಎಂಬಾತನು ನಡಿಗೆಯ ಕಾಲವನ್ನು ಎಣಿಸುವುದಕ್ಕೆ ಒಂದು ಸೂತ್ರವನ್ನು ಹೇಳಿದನು: ಮೂರು ಮೈಲಿಗೆ ಒಂದು ಗಂಟೆ, ಏರಬೇಕಾದ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಇಂದಿಗೂ ನಡಿಗೆಯ ಸಂಘಗಳು ಈ ಸೂತ್ರವನ್ನು ಬಳಸುತ್ತವೆ. ಸೂತ್ರದಲ್ಲಿ ದೋಷವಿಲ್ಲ, ಆದರೆ ಅದು ದೃಢಕಾಯನಾದವನ ಹೆಜ್ಜೆಯನ್ನು ಅಳತೆಗೋಲಾಗಿ ಇಟ್ಟುಕೊಂಡುದು, ಕುಳಿತು ದಣಿವಾರಿಸಿಕೊಳ್ಳುವ ಹೊತ್ತನ್ನು ಎಣಿಸದೆ ಮಾಡಿದುದು. ಬಲ್ಲಿದನ ಕಾಲಿನಿಂದ ಅಳೆದ ದಾರಿಯನ್ನು ಬಡವನ ಕಾಲಿನಿಂದ ನಡೆಯಿಸಿದರೆ, ಪ್ರತಿ ಮೈಲಿಗೂ ಅವನ ತಲೆಯ ಮೇಲೆ ಸಾಲವೇರುತ್ತ ಹೋಗುತ್ತದೆ. ಮಾಡದ ಸಾಲಕ್ಕೆ ಅವನು ತಲೆತಗ್ಗಿಸಿ ಬಡ್ಡಿ ತೆರುತ್ತಾನೆ.

ಮುಂದೆ ನಡೆಯುವವನ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿಲ್ಲದೆ ಇಲ್ಲ. ಚಳಿಗಾಲದ ಹಗಲು ಕಿರಿದು. ಬೈಗಾದ ಮೇಲೆ ಹೊಲದ ಬದುವಿನಲ್ಲಿ ಇಪ್ಪತ್ತು ಮಂದಿಯನ್ನು ನಡೆಸುವುದು ಕ್ಷೇಮವಲ್ಲ. ಬೆವತ ಮೈಯಲ್ಲಿ ಗಾಳಿಗೆ ಕುಳಿತು ಕಾಯುವವನಿಗೂ ಕಷ್ಟವುಂಟು. ವಾರವೆಲ್ಲ ದುಡಿದು ಒಂದು ದಿನ ಮನಸ್ವೇಚ್ಛೆಯಾಗಿ ನಡೆಯಬೇಕೆಂದು ಬಂದವನ ಸಂತೋಷವೂ ತುಚ್ಛವಾದುದಲ್ಲ. ಒಬ್ಬನ ಕಾಲಿಗಾಗಿ ಹತ್ತೊಂಬತ್ತು ಮಂದಿ ನದಿಯನ್ನೇ ನೋಡದೆ ಮರಳಬೇಕೆ ಎಂಬ ಪ್ರಶ್ನೆಯನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಾಗದು.

ಈ ತೊಡಕನ್ನು ಬಿಡಿಸುವುದಕ್ಕೆ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಜೊತೆಗಾರನನ್ನು ಆರಿಸುವ ಹಕ್ಕು ಎಲ್ಲರಿಗೂ ಉಂಟು. ಆದರೆ ಆ ಹಕ್ಕಿನ ಸ್ಥಳವು ಊರ ಅಗಸಿಯೇ ಹೊರತು ನಡುದಾರಿಯಲ್ಲ. “ಇಂದಿನ ದಾರಿ ಕಠಿನವಾದುದು, ಇನ್ನೊಂದು ದಿನ ಬರಬಹುದು” ಎಂದು ಹೊರಡುವ ಮೊದಲು ಹೇಳುವುದು ನಿಷ್ಠುರವಾದರೂ ಅನ್ಯಾಯವಲ್ಲ. ಕರೆದುಕೊಂಡು ಮೂರು ಮೈಲಿ ಬಂದ ಮೇಲೆ ಅದೇ ಮಾತನ್ನು ಹೇಳಿದರೆ ಅದು ವಚನಭಂಗ. ಏಕೆಂದರೆ ಕೂಡಿ ಹೊರಟವನು ತಂಡವನ್ನು ನಂಬಿ, ಒಬ್ಬನೇ ಇದ್ದರೆ ಹೋಗದ ದೂರಕ್ಕೆ ಹೋಗಿರುತ್ತಾನೆ. ಅವನನ್ನು ಅಲ್ಲಿಗೆ ತಂದುದು ಆ ನಂಬಿಕೆ. ಆದುದರಿಂದ ಅವನಿಗಾಗಿ ನಿಲ್ಲುವುದು ದಾನವಲ್ಲ, ಋಣ. ದಾನವಾಗಿದ್ದರೆ ಕೊಟ್ಟವನು ಬೀಗಬಹುದಾಗಿತ್ತು, ಪಡೆದವನು ನಾಚಬಹುದಾಗಿತ್ತು. ಋಣದಲ್ಲಿ ಈ ಎರಡಕ್ಕೂ ಎಡೆಯಿಲ್ಲ.

ಋಣವೆಂದ ಮೇಲೆ ಅದು ಒಂದೇ ಕಡೆಯದಾಗದು. ಮೆಲ್ಲನೆ ನಡೆಯುವವನಿಗೂ ಒಂದು ಕರ್ತವ್ಯವುಂಟು: ಸತ್ಯವನ್ನು ನುಡಿಯುವುದು. ಮಂಡಿಯ ನೋವನ್ನು ಮುಚ್ಚಿಟ್ಟು ಹೊರಟವನು, ಉಸಿರು ಕಟ್ಟುತ್ತಿದ್ದರೂ “ಏನೂ ಇಲ್ಲ, ನಡೆಯಿರಿ” ಎನ್ನುವವನು ಧೀರನೆಂದು ತೋರುತ್ತಾನೆ. ವಾಸ್ತವವಾಗಿ ಇಡೀ ತಂಡದ ಲೆಕ್ಕವನ್ನೇ ಅವನು ಕೆಡಿಸಿರುತ್ತಾನೆ. ಆದರೆ ದೌರ್ಬಲ್ಯವನ್ನು ಹೇಳಿಕೊಂಡರೆ ನಗುವ ಜನರ ನಡುವೆ ಸತ್ಯವನ್ನು ನಿರೀಕ್ಷಿಸುವುದು ವ್ಯರ್ಥ. ಹಿಂದಿನವನ ಸತ್ಯವೂ ಮುಂದಿನವನ ಸೌಜನ್ಯವೂ ಒಂದನ್ನೊಂದು ಆಶ್ರಯಿಸಿಕೊಂಡಿವೆ.

ಕೂಡಿ ನಡೆದ ಮಾತ್ರಕ್ಕೆ ಈ ಸೌಜನ್ಯವು ತಾನಾಗಿ ಹುಟ್ಟುವುದೆಂದು ನಂಬುವವರುಂಟು. ಭಾಲ್ಕಿ ಔರಾದಗಳ ಆಚೆ, ನೆರೆಯ ಮಹಾರಾಷ್ಟ್ರದಲ್ಲಿ ಪಂಢರಪುರದ ವಾರಿಗೆ ನಡೆಯುವ ದಿಂಡಿಗಳಿಗಿಂತ ದೊಡ್ಡ ಸಹಪ್ರಯಾಣವನ್ನು ಈ ಸೀಮೆಯ ಜನರು ಕಾಣರು. ಮಾನವಶಾಸ್ತ್ರಜ್ಞೆಯಾದ ಇರಾವತಿ ಕರ್ವೆಯವರು ಅಂತಹ ಒಂದು ದಿಂಡಿಯೊಡನೆ ನಡೆದು ಪ್ರಸಿದ್ಧವಾದ ಪ್ರಬಂಧವೊಂದನ್ನು ಬರೆದಿದ್ದಾರೆ. ಹಗಲೆಲ್ಲ ಒಂದೇ ಹಾದಿಯಲ್ಲಿ ಒಂದೇ ದೇವರ ಹೆಸರನ್ನು ಹಾಡುತ್ತ ನಡೆದ ಬ್ರಾಹ್ಮಣರೂ ಮರಾಠರೂ ಉಣ್ಣುವಾಗ ಬೇರೆಬೇರೆಯಾಗಿ ಕುಳಿತುದನ್ನು ಕಂಡು ಅವರು ನೊಂದುಕೊಂಡರು. ಭಕ್ತಿಯಿಂದ ಕೂಡಿದ ನಡಿಗೆಗೂ ಅಳಿಸಲಾಗದ ಗೆರೆಯೊಂದು ಅಲ್ಲಿ ಉಳಿದಿತ್ತು. ಹಾದಿಯೊಂದಾದರೆ ಸಾಲದು, ನಿಲ್ಲುವಾಗಲೂ ಉಣ್ಣುವಾಗಲೂ ಒಂದಾಗಿರಬೇಕೆಂಬ ಸಂಕಲ್ಪವು ಬೇರೆಯೇ ಬೇಕು.

ಈ ಪ್ರಶ್ನೆಯನ್ನು ಅತ್ಯಂತ ಕಠೋರವಾದ ರೂಪದಲ್ಲಿ ಇಟ್ಟವರು ನಮ್ಮ ಪೂರ್ವಿಕರೇ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ಉತ್ತರಾಭಿಮುಖವಾಗಿ ನಡೆಯುತ್ತಾರೆ. ಮುಂದೆ ಧರ್ಮರಾಯ, ಅವನ ಹಿಂದೆ ಕ್ರಮವಾಗಿ ತಮ್ಮಂದಿರು, ಅವರ ಹಿಂದೆ ದ್ರೌಪದಿ, ಕಟ್ಟಕಡೆಗೆ ಒಂದು ನಾಯಿ. ಮೊದಲು ಬಿದ್ದವಳು ದ್ರೌಪದಿ. ಅನಂತರ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಏಕೆಂದು ಭೀಮನು ಕೇಳುತ್ತಾನೆ. ಧರ್ಮರಾಯನು ತಿರುಗಿ ನೋಡದೆ ಉತ್ತರ ಕೊಡುತ್ತಾನೆ. ದ್ರೌಪದಿಗೆ ಅರ್ಜುನನಲ್ಲಿ ಪಕ್ಷಪಾತ, ಸಹದೇವನಿಗೆ ಜ್ಞಾನದ ಗರ್ವ, ನಕುಲನಿಗೆ ರೂಪದ ಗರ್ವ, ಅರ್ಜುನನಿಗೆ ಶೌರ್ಯದ ಗರ್ವ, ಭೀಮನಿಗೆ ಹೊಟ್ಟೆಬಾಕತನ ಮತ್ತು ಬಲದ ಹೆಮ್ಮೆ. ಬಿದ್ದವರೆಲ್ಲರೂ ತಮ್ಮ ತಮ್ಮ ದೋಷದಿಂದ ಬಿದ್ದರು!

ಆ ಪ್ರಯಾಣವು ಪ್ರಾಣತ್ಯಾಗದ ವ್ರತವಾಗಿತ್ತು, ಅಲ್ಲಿ ಹಿಂದಿರುಗಿ ನೋಡುವುದೇ ವ್ರತಭಂಗ ಎಂಬ ಸಮಾಧಾನವು ಯುಕ್ತವಾದುದೇ. ಆದರೂ ಮುಂದೆ ಹೋಗುವವನ ಬಾಯಿಂದ ಬರುವ ಈ ದೋಷಗಳ ಪಟ್ಟಿಯನ್ನು ಲೋಕವು ಇಂದಿಗೂ ಬಿಟ್ಟಿಲ್ಲ. ಬಿದ್ದವನು ಏಕೆ ಬಿದ್ದನೆಂಬುದಕ್ಕೆ ನಡೆಯುತ್ತಿರುವವನ ಬಳಿ ಸಿದ್ಧವಾದ ಉತ್ತರವಿರುತ್ತದೆ. ಆ ಉತ್ತರವು ದೊರೆತೊಡನೆ ನಿಲ್ಲುವ ಅಗತ್ಯವೂ ತಪ್ಪುತ್ತದೆ. ವ್ಯಾಸರು ಕಥೆಯನ್ನು ಅಲ್ಲಿಗೆ ಮುಗಿಸಲಿಲ್ಲವೆಂಬುದೇ ಭಾರತದ ಮಹಿಮೆ. ಇಂದ್ರನ ರಥವು ಬಂದಾಗ ಅದೇ ಧರ್ಮರಾಯನು, ನಂಬಿ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಹತ್ತಲಾರೆನೆಂದನು. ಸ್ವರ್ಗಾರೋಹಣ ಪರ್ವದಲ್ಲಿ ತಮ್ಮಂದಿರ ಮತ್ತು ದ್ರೌಪದಿಯ ದನಿಯನ್ನು ನರಕದಲ್ಲಿ ಕೇಳಿ, ತಾನೂ ಅಲ್ಲಿಯೇ ಉಳಿಯುವೆನೆಂದು ನಿಂತನು. ಹಾದಿಯಲ್ಲಿ ನಿಲ್ಲದವನು ನರಕದಲ್ಲಿ ನಿಲ್ಲಬೇಕಾಯಿತು. ನಿಂತ ಮೇಲೆಯೇ ಅವನ ಪ್ರಯಾಣವು ಮುಗಿಯಿತು.

ಇದಕ್ಕೆ ಹೋಲಿಸಬಹುದಾದ ಇತ್ತೀಚಿನ ಉದಾಹರಣೆಯು 1912ರದು. ದಕ್ಷಿಣಧ್ರುವದಿಂದ ಮರಳುತ್ತಿದ್ದ ಕ್ಯಾಪ್ಟನ್ ಸ್ಕಾಟನ ಐವರ ತಂಡದಲ್ಲಿ ಎಡ್ಗರ್ ಇವಾನ್ಸನು ಹಿಂದೆಬಿದ್ದಾಗ ಉಳಿದ ನಾಲ್ವರೂ ತಿರುಗಿ ಹೋಗಿ ಅವನನ್ನು ಡೇರೆಗೆ ತಂದರು. ಅವನು ಆ ರಾತ್ರಿಯೇ ತೀರಿಕೊಂಡನು. ಕೆಲವು ವಾರಗಳ ಮೇಲೆ, ಹಿಮದಿಂದ ಕಾಲು ಕೊಳೆತ ಓಟ್ಸನು ತನ್ನನ್ನು ಬಿಟ್ಟುಹೋಗಿರೆಂದು ಬೇಡಿದರೂ ಜೊತೆಗಾರರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಅವನು ತಾನಾಗಿಯೇ ಡೇರೆಯಿಂದ ಹಿಮಗಾಳಿಯೊಳಗೆ ನಡೆದುಹೋದನು. ಉಳಿದ ಮೂವರೂ ಬದುಕಲಿಲ್ಲ. ಫಲವನ್ನು ಮಾತ್ರ ನೋಡುವವನಿಗೆ ಇಲ್ಲಿ ಎಲ್ಲವೂ ನಷ್ಟವೇ. ಆದರೆ ಒಂದು ಭೇದವು ಸ್ಫುಟವಾಗುತ್ತದೆ: ಬಿಟ್ಟುಹೋಗಿರೆಂದು ಹೇಳುವ ಅಧಿಕಾರವು ಹಿಂದಿನವನಿಗೆ ಇರಬಹುದು, ಬಿಟ್ಟುಹೋಗುವ ಅಧಿಕಾರವು ಮುಂದಿನವರಿಗೆ ಅದರಿಂದ ಬರುವುದಿಲ್ಲ.

ಇಷ್ಟು ವಿಚಾರಿಸಿದ ಮೇಲೆ, ಬೀದರದ ಮನೆಮನೆಗೂ ಪರಿಚಿತವಾದ ಒಂದು ಶಬ್ದವನ್ನು ನೋಡದೆ ಬಿಡಲಾಗದು. ‘ಹಿಂದುಳಿದ ಜಿಲ್ಲೆ’ ಎಂಬ ವಿಶೇಷಣವನ್ನು ಈ ಸೀಮೆಯು ಬಹುಕಾಲದಿಂದ ಕೇಳುತ್ತ ಬಂದಿದೆ. ಹಿಂದುಳಿಯುವುದೆಂದರೆ ಕೂಡಿ ನಡೆಯುವವರಲ್ಲಿ ಹಿಂದೆ ಬೀಳುವುದು. ಒಂಟಿಯಾಗಿ ನಡೆಯುವವನನ್ನು ಹಿಂದುಳಿದವನೆಂದು ಯಾರೂ ಕರೆಯರು. ಉಳಿದ ಭಾರತವು 1947ರಲ್ಲಿ ಹೊರಟ ದಾರಿಯನ್ನು ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗವು 1948ರ ಸೆಪ್ಟೆಂಬರಿನಲ್ಲಿ ಹಿಡಿಯಿತು. 1956ರಲ್ಲಿ ಕನ್ನಡದ ಇತರ ಭಾಗಗಳೊಡನೆ ಒಂದೇ ರಾಜ್ಯವಾಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮತೆಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದು ವರದಿಯೊಪ್ಪಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಬಂದು, ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗಕ್ಕೆ ವಿಶೇಷ ಅವಕಾಶವು ದೊರೆಯಿತು. ಇದನ್ನು ಕೆಲವರು ಔದಾರ್ಯವೆನ್ನುತ್ತಾರೆ. ಕೆಲವರು ಇಲ್ಲಿನ ಜನರ ಆಲಸ್ಯಕ್ಕೆ ಕೊಟ್ಟ ಬಹುಮಾನವೆಂದು ಧರ್ಮರಾಯನಂತೆ ದೋಷಗಳನ್ನು ಎಣಿಸುತ್ತಾರೆ. ಅಗಸಿಯಲ್ಲಿ ಕೈಹಿಡಿದು ಕರೆದುಕೊಂಡ ಮೇಲೆ ಇದು ಔದಾರ್ಯವೂ ಅಲ್ಲ, ಬಹುಮಾನವೂ ಅಲ್ಲ. ಬೇವಿನ ಮರದ ಕೆಳಗೆ ದೊರೆಯದೆ ಹೋದ ವಿಶ್ರಾಂತಿಯನ್ನು ತಡವಾಗಿ ತೀರಿಸಿದುದು. ಹಾಗೆಯೇ ದೊರೆತುದನ್ನು ಸದುಪಯೋಗಪಡಿಸಿಕೊಂಡು, ತನ್ನ ಕಾಲಿನ ಬಲಾಬಲಗಳನ್ನು ಮುಚ್ಚಿಡದೆ ನುಡಿಯುವ ಹೊಣೆಯು ಈ ಸೀಮೆಗೂ ತಪ್ಪಿದುದಲ್ಲ.

ಹೊಸ ಸಂಘಗಳು ಕಲಿಯಬೇಕಾದ ನಿಯಮಗಳು ಬಹಳವಿಲ್ಲ. ದಾರಿಯ ಹೊತ್ತನ್ನು ಎಲ್ಲರಿಗಿಂತ ಮೆಲ್ಲನೆ ನಡೆಯುವವನ ಕಾಲಿನಿಂದ ಎಣಿಸಬೇಕು. ಕೊನೆಯವನು ಬಂದು ಕುಳಿತ ಮೇಲೆಯೇ ವಿಶ್ರಾಂತಿಯ ಗಳಿಗೆಯನ್ನು ಲೆಕ್ಕಹಿಡಿಯಬೇಕು. ದಾರಿಬಲ್ಲ ಒಬ್ಬನು ಎಲ್ಲರ ಹಿಂದೆ ನಡೆಯಬೇಕು. ನದಿಯು ದೂರವಾದರೆ ಆ ದಿನ ಕೆರೆಯವರೆಗೆ ಹೋಗಿ ಮರಳಿದರೂ ನಷ್ಟವಿಲ್ಲ.

ಈ ಸೀಮೆಯ ಗೃಹಸ್ಥರಿಗೆ ಇದು ಹೊಸ ಪಾಠವೇನೂ ಅಲ್ಲ. ಎಳ್ಳ ಅಮಾವಾಸ್ಯೆಯಂದು ಬೀದರ, ಭಾಲ್ಕಿ, ಔರಾದಗಳ ಮನೆಗಳು ಬರಿದಾಗಿ ಹೊಲಗಳು ತುಂಬುತ್ತವೆ. ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಹೊತ್ತು ಮುದುಕರು ಮಕ್ಕಳಾದಿಯಾಗಿ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ನಡೆಯಲಾರದವರನ್ನು ಬಂಡಿಯ ಮೇಲೆ ಕೂಡಿಸಿಕೊಂಡು ಹೋಗುತ್ತಾರೆ. ಅಜ್ಜಿಯನ್ನು ಕರೆದುಕೊಂಡು ಹೋದುದಕ್ಕಾಗಿ ಯಾರೂ ತಮ್ಮನ್ನು ದಯಾಳುಗಳೆಂದು ಹೊಗಳಿಕೊಳ್ಳುವುದಿಲ್ಲ. ಅಜ್ಜಿಯೂ ಉಪಕಾರವಾಯಿತೆಂದು ಕೈಮುಗಿಯುವುದಿಲ್ಲ. ಹೊಲದಲ್ಲಿ ಐದು ಕಲ್ಲುಗಳನ್ನು ಇಟ್ಟು, ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ ಬಂದು ಉಣ್ಣುತ್ತಾರೆ. ಹಿಮಾಲಯದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದುಹೋದ ಆ ಐವರು ಎರೆಯ ನೆಲದ ಮೇಲೆ ಒಬ್ಬರ ಪಕ್ಕದಲ್ಲೊಬ್ಬರು ಕುಳಿತಿರುತ್ತಾರೆ. ಅವರಲ್ಲಿ ಮುಂದಿನವನಾರು, ಹಿಂದಿನವನಾರು ಎಂದು ಗುರುತಿಸುವುದು ಸಾಧ್ಯವಿಲ್ಲ.