ಬುಟ್ಟಿಯೊಳಗಿನ ಸ್ನೇಹ

ಹೆದರಿಕೆಯಿಂದ ಹುಟ್ಟಿದ ಒಡನಾಟವನ್ನು ಸ್ನೇಹ ಅನ್ನಬಹುದಾ? ನನ್ನನ್ನು ಈ ಪ್ರಶ್ನೆಗೆ ಸಿಕ್ಕಿಸಿದ್ದು ಎರಡು ಮೊಲಗಳು.

ಕೆಂಚ, ಬೆಳ್ಳಿ ಎರಡೂ ಯಾರೋ ಆಸೆಪಟ್ಟು ಸಾಕಿ, ಬೇಜಾರಾದ ಮೇಲೆ ಬೀದಿಗೆ ಬಿಟ್ಟವು. ಮೊದಲು ಬಂದವನು ಕೆಂಚ. ನಾನು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೊರಟರೆ ರಾತ್ರಿವರೆಗೂ ಅವನು ಒಬ್ಬನೇ. ತಾತ ಹುಲ್ಲು ಹಾಕ್ತಾರೆ, ಅಷ್ಟೇ. ಮೊಲಕ್ಕೆ ಮೊಲವೇ ಜೊತೆ ಅಂತ ನಾಲ್ಕು ತಿಂಗಳ ಮೇಲೆ ಬೆಳ್ಳಿಯನ್ನು ತಂದೆ.

ಮೊಲಕ್ಕೆ ಜೊತೆ ಎಷ್ಟು ಬೇಕೋ, ಇದು ನನ್ನ ಜಾಗ ಅನ್ನೋ ಹಠವೂ ಅಷ್ಟೇ. ಎರಡಕ್ಕೂ ಸಂತಾನಹರಣದ ಆಪರೇಷನ್ ಮಾಡಿಸಿ, ಹಾರ್ಮೋನ್ ಇಳಿಯಲಿ ಅಂತ ವಾರಗಟ್ಟಲೆ ಕಾದೆ. ಜಾಲರಿಯ ಆಚೆ ಒಂದು, ಈಚೆ ಒಂದು. ವಾಸನೆ ರೂಢಿಯಾಗಲಿ ಅಂತ ಟ್ರೇ ಅದಲುಬದಲು ಮಾಡಿದೆ. ಕೊನೆಗೆ ಇಬ್ಬರ ಜಾಗವೂ ಅಲ್ಲದ ಬಚ್ಚಲುಮನೆಯಲ್ಲಿ ಎದುರುಬದುರು ಬಿಟ್ಟರೆ, ಅರ್ಧ ನಿಮಿಷಕ್ಕೆ ರೋಮ ಹಾರಾಡಿತು. ಬಿಡಿಸಲು ಹೋದ ನನ್ನ ಕೈಗೂ ಕಚ್ಚಿದ ಗುರುತು.

ಮೊಲ ಸಾಕುವವರ ನಡುವೆ ಒಂದು ಉಪಾಯ ಓಡಾಡ್ತಿರುತ್ತೆ. ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕಾರಲ್ಲಿ ಸುತ್ತಾಡಿಸೋದು. ಅಲುಗಾಟಕ್ಕೆ ಹೆದರಿ ಜಗಳ ಮರೆತು ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ. ನನ್ನ ಹತ್ತಿರ ಕಾರಿಲ್ಲ. ಒಂದು ಭಾನುವಾರ ಊರಿಗಾಂನಲ್ಲಿ ಬಂಗಾರಪೇಟೆ ಟ್ರೈನ್ ಹತ್ತಿದೆ. ಗಣಿಗೋಸ್ಕರ 1894ರಲ್ಲಿ ಹಾಕಿದ ಲೈನು ಅದು, ಈಗ ನಮ್ಮಂಥ ಆಫೀಸಿನವರನ್ನು ಹೊರುತ್ತೆ. ಕೋರಮಂಡಲ್ ದಾಟುವಷ್ಟರಲ್ಲಿ ಬುಟ್ಟಿ ನಿಶ್ಶಬ್ದ. ಬೆಳ್ಳಿ ಕಿವಿಯನ್ನು ಬೆನ್ನಿಗಂಟಿಸಿ ಕೆಂಚನ ಹೊಟ್ಟೆಯಡಿ ತಲೆ ತೂರಿಸಿದ್ದಳು. ಎದುರು ಸೀಟಿನ ಹುಡುಗಿ, "ಅಮ್ಮಾ, ಎಷ್ಟು ಪ್ರೀತಿ ನೋಡು!" ಅಂದಳು. ನನಗೆ ಹೂಂ ಅನ್ನೋಕಾಗಲಿಲ್ಲ.

ಮನೆಗೆ ಬಂದು ತಾತನಿಗೆ ಹೇಳಿದೆ. ಅವರು ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಆಳದ ಗಣಿ, ಯಾವಾಗ ಬಂಡೆ ಸಿಡಿಯುತ್ತೋ ಗೊತ್ತಿಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಅವರ ಮಾತಲ್ಲಿ ಅದಿನ್ನೂ ನಡೀತಾನೇ ಇದೆ.

"ಕೇಜಲ್ಲಿ ಇಳಿಯುವಾಗ ಜಾತಿ, ಭಾಷೆ ಏನೂ ಇರ್ತಿರ್ಲಿಲ್ಲಮ್ಮಾ. ಮೇಲೆ ಬಂದ್ರೆ ನಲ್ಲಿ ಹತ್ರ ಮತ್ತೆ ಜಗಳ."

"ಹಂಗಾದ್ರೆ ಕೆಳಗಿದ್ದಿದ್ದು ಸುಳ್ಳಾ ತಾತ?"

"ಸುಳ್ಳು ಹೆಂಗಾಗುತ್ತೆ? ಆದ್ರೆ ನಮ್ಮನ್ನ ಒಂದು ಮಾಡೋಕೆ ಅಂತ ಯಾರೂ ಬಂಡೆ ಸಿಡಿಸ್ತಿರ್ಲಿಲ್ಲ."

ಆ ಮಾತು ಚುಚ್ಚಿತು. ಡಾಕ್ಟರ ಹತ್ತಿರ ಒಯ್ದರೂ ಅವು ನಡುಗುತ್ತವೆ, ನಿಜ. ಅಲ್ಲಿ ಬೇರೆ ದಾರಿ ಇಲ್ಲ. ಇಲ್ಲಿ ದಾರಿ ಇತ್ತು, ಅದಕ್ಕೆ ಟೈಮ್ ಬೇಕಿತ್ತು. ಆ ಟೈಮ್ ಉಳಿಸೋಕೆ ನಾನು ಅವುಗಳ ಭಯವನ್ನು ಖರ್ಚು ಮಾಡಿದ್ದೆ. ಅಸಲಿಗೆ ಬೆಳ್ಳಿಯನ್ನು ತಂದದ್ದೂ ಕೆಂಚನ ಒಂಟಿತನಕ್ಕೋ, ದಿನಾ ಅವನನ್ನು ಬಿಟ್ಟು ಹೋಗುವ ನನ್ನ ಅಳುಕಿಗೋ?

ಬುಟ್ಟಿ ಅಟ್ಟ ಸೇರಿದೆ. ಈಗ ದಿನಾ ರಾತ್ರಿ ಬಚ್ಚಲುಮನೆಯಲ್ಲಿ ಹತ್ತು ನಿಮಿಷ, ನಡುವೆ ಒಂದು ತಟ್ಟೆ ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ಟವೆಲ್ ಹಿಡಿದು ನಾನು. ಆಮೇಲೆ ಮತ್ತೆ ಜಾಲರಿ. ಮೊನ್ನೆ ಗುರುವಾರ ಬೆಳ್ಳಿ ಕೆಂಚನ ಮುಂದೆ ತಲೆ ತಗ್ಗಿಸಿ ಕೂತಳು. ಮೊಲಗಳಲ್ಲಿ ಅದು ನೆಕ್ಕು ಅಂತ ಕೇಳುವ ರೀತಿ. ಕೆಂಚ ನೆಕ್ಕಲಿಲ್ಲ. ಕಚ್ಚಲೂ ಇಲ್ಲ. ಸೊಪ್ಪು ತಿನ್ನುತ್ತಾ ಅಲ್ಲೇ ಕೂತಿದ್ದ.