ಮೂರು ಮೆಟ್ಟಿಲು

ನನ್ನ ತಂಗಿಗೆ ಮೂರನೇ ವರ್ಷದಲ್ಲಿ ಪೋಲಿಯೋ ಬಂತು. 1959ರ ಮಾತು. ಪೋಲಿಯೋ ಹನಿ ಹಾಕಿಸುವುದು ನಮ್ಮ ಕಡೆ ಇನ್ನೂ ಶುರುವಾಗಿರಲಿಲ್ಲ. ಜ್ವರವೇನೋ ಇಳಿಯಿತು, ಕಾಲುಗಳೆರಡೂ ಸೋತುಹೋದವು. ಸಾಗರದ ನಮ್ಮ ಮನೆ ಮಲೆನಾಡಿನ ಮಳೆಗೆ ಹೆದರಿ ಎತ್ತರಕ್ಕೆ ಕಟ್ಟಿದ್ದು. ಅಂಗಳದಿಂದ ಜಗಲಿಗೆ ಮೂರು ಕಲ್ಲು ಮೆಟ್ಟಿಲು.

ಶಾಲೆಗೆ ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದ. ಹಿಂದೆ ಚೀಲಗಳನ್ನು ಹಿಡಿದು ನಾನು. ದಾರಿಯಲ್ಲಿ ಸಿಕ್ಕವರೆಲ್ಲ ಪುಣ್ಯವಂತ ಮಕ್ಕಳು ಎನ್ನುತ್ತಿದ್ದರು, ನನಗೆ ಹಿತವಾಗುತ್ತಿತ್ತು. ತಂಗಿ ಬೆಳಿಗ್ಗೆ ಕಾಫಿ, ನೀರು ಮುಟ್ಟುತ್ತಿರಲಿಲ್ಲ. ಏಕೆಂದು ನಾವು ಕೇಳಲಿಲ್ಲ. ಶಾಲೆಯಲ್ಲಿ ಹೊರಗೆ ಹೋಗಬೇಕಾದರೆ ಮತ್ತೆ ಯಾರನ್ನಾದರೂ ಕರೆಯಬೇಕಲ್ಲ, ಅದಕ್ಕೆ ಎಂದು ಅವಳು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

1969ರಲ್ಲಿ ಅವಳು ದೊಡ್ಡವಳಾದಳು. ಬೆಳೆದ ಹುಡುಗಿಯನ್ನು ಬೀದಿಯಲ್ಲಿ ಹೊತ್ತು ತಿರುಗುವುದು ಚೆನ್ನಲ್ಲ ಎಂದರು ಅಜ್ಜಿ. ಹೈಸ್ಕೂಲು ಬೇರೆ ಮಹಡಿಯ ಮೇಲೆ. ಓದು ಅಲ್ಲಿಗೆ ನಿಂತಿತು. ಯಾರೂ ಕೆಟ್ಟವರಲ್ಲ. ಊಟ, ಬಟ್ಟೆ, ಅಕ್ಕರೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಾಲಿನ ದೆಸೆಯಿಂದ ಓದು ಹೋಯಿತೆಂದು ಎಲ್ಲರೂ ನಂಬಿದೆವು. ಮೆಟ್ಟಿಲಿನ ದೆಸೆಯಿಂದ ಎಂದು ಯಾರಿಗೂ ಹೊಳೆಯಲಿಲ್ಲ.

1978ರಲ್ಲಿ ಅಣ್ಣ ಸ್ಕೂಟರು ಕೊಂಡ. ಅದು ಮಳೆಯಲ್ಲಿ ನೆನೆಯಬಾರದಲ್ಲ, ಜಗಲಿಗೆ ಏರಿಸಬೇಕು. ಗಾರೆಯವನು ಬಂದು ಮೆಟ್ಟಿಲಿನ ಪಕ್ಕಕ್ಕೆ ಕಲ್ಲು ತುಂಬಿ ಒಂದೇ ದಿನದಲ್ಲಿ ಇಳಿಜಾರು ಮಾಡಿಕೊಟ್ಟ. ಸಿಮೆಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ತಂಗಿ ಕೈಯೂರಿ ಜರುಗುತ್ತ ಇಳಿದು, ಯಾರನ್ನೂ ಕರೆಯದೆ ತುಳಸಿಕಟ್ಟೆಯವರೆಗೆ ಹೋದಳು. ಅಮ್ಮ ಕಣ್ಣೊರೆಸಿಕೊಂಡರು. ಅಣ್ಣ ಮಾತಾಡದೆ ಒಳಗೆ ಹೋದ. ಹತ್ತೊಂಬತ್ತು ವರ್ಷ ಬಾರದ ಬುದ್ಧಿ ಒಂದು ಗಾಡಿಗಾಗಿ ಬಂದಿತ್ತು.

ಅಂಗವಿಕಲರ ಕಾಯಿದೆ ಆದದ್ದು 1995ರಲ್ಲಿ. ಆಗ ಅವಳಿಗೆ ಮೂವತ್ತೊಂಬತ್ತು. ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ಬೇಕೆಂದು ಅದು ಹೇಳಿತು, ಜೊತೆಗೆ ಹಣದ ಶಕ್ತಿ ಇದ್ದಷ್ಟು ಎಂಬ ಮಿತಿಯನ್ನೂ ಇಟ್ಟಿತು. ಹಳೆಯ ಕಟ್ಟಡಗಳನ್ನೂ ಐದು ವರ್ಷದೊಳಗೆ ಸರಿಪಡಿಸಬೇಕೆಂಬ ಗಡುವು ಬಂದದ್ದು 2016ರ ಕಾಯಿದೆಯಲ್ಲಿ.

ಸಹಾಯ ಮಾಡುವ ಜನ ಇದ್ದಾಗ ಕಾನೂನೇಕೆ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಅಂದವಳೇ. ದಯೆಯನ್ನು ಹಗುರ ಮಾಡಲಾರೆ. ಅಣ್ಣನ ಬೆನ್ನಿಲ್ಲದಿದ್ದರೆ ಅವಳಿಗೆ ಅಕ್ಷರವೇ ದಕ್ಕುತ್ತಿರಲಿಲ್ಲ. ಆದರೆ ಹೊರುವವನಿಗೆ ಬಿಡುವಿದ್ದಷ್ಟು ಹೊತ್ತು, ಊರು ಒಪ್ಪಿದಷ್ಟು ದಿನ ಮಾತ್ರ ಆ ದಯೆ. ಪಡೆದವಳು ನೀರು ಕುಡಿಯಲೂ ಲೆಕ್ಕ ಹಾಕಬೇಕು.

ಇಷ್ಟಾದರೂ ಕಾನೂನಿನ ಮೇಲೆ ಹಾಕಿ ನಾನು ಪಾರಾಗಲಾರೆ. ಆ ಮೂರು ಮೆಟ್ಟಿಲು ನಮ್ಮ ಸ್ವಂತ ಮನೆಯವು. ಇಳಿಜಾರು ಮಾಡಬೇಡಿ ಎಂದು ಯಾರೂ ತಡೆದಿರಲಿಲ್ಲ. ಮಾಡಿಸಿ ಎಂದು ತಂಗಿ ಕೇಳಲೂ ಇಲ್ಲ. ಕೇಳಬಹುದು ಎಂದು ಅವಳಿಗೆ ಅನ್ನಿಸದ ಹಾಗೆ, ನಾವು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೆವಲ್ಲ.